ಸೆಕೆಗಾಲದಲ್ಲಿ ಹಸು ಗರ್ಭ ಕಟ್ಟಬೇಕಾದರೆ

ಬಿಸಿಲಿನ ತಿಂಗಳುಗಳಲ್ಲಿ ಹಸು ಮತ್ತೆ ಮತ್ತೆ ಬೆದೆಗೆ ಬಂದರೂ ಗರ್ಭ ನಿಲ್ಲದಿದ್ದಾಗ ವೀರ್ಯದ ಗುಣಮಟ್ಟವನ್ನೋ ಕೃತಕ ಗರ್ಭಧಾರಣೆ ಮಾಡಿದವರ ಕೈಯನ್ನೋ ದೂರುವುದು ವಾಡಿಕೆ. ಹಲವು ಸಲ ಕಾರಣ ಹಸುವಿನ ಮೈಯ ಶಾಖದಲ್ಲೇ ಇರುತ್ತದೆ, ಮತ್ತು ಆ ಶಾಖದ ಹಾನಿ ಗರ್ಭಧಾರಣೆಯ ಒಂದು ದಿನಕ್ಕೆ ಸೀಮಿತವಲ್ಲ. ಅಂಡಾಣು ಬೆಳೆದು ಪಕ್ವವಾಗಲು ವಾರಗಳೇ ಹಿಡಿಯುವುದರಿಂದ, ಸೆಕೆಯಲ್ಲಿ ಅದಕ್ಕೆ ಆದ ಪೆಟ್ಟು ಹವೆ ತಂಪಾದ ಬಳಿಕವೂ ಸುಮಾರು ಎರಡು ತಿಂಗಳು ಕಾಣಿಸಿಕೊಳ್ಳಬಹುದು. ಇನ್ನು ಫಲಿತ ಭ್ರೂಣವು ಮೊದಲ ಮೂರು ದಿನ ಶಾಖವನ್ನು ತಾಳುವುದು ಬಹಳ ಕಡಿಮೆ. ಆಮೇಲೆ ದಿನದಿಂದ ದಿನಕ್ಕೆ ಅದರ ತಾಳಿಕೆ ಹೆಚ್ಚುತ್ತದೆ. ಆದ್ದರಿಂದ ಗರ್ಭಧಾರಣೆ ಮಾಡಿಸಿದ ದಿನ ಮಾತ್ರ ಮೈಗೆ ನೀರು ಎರಚಿದರೆ ಸಾಲದು. ಸೆಕೆ ಶುರುವಾದ ದಿನದಿಂದ ಮುಗಿಯುವವರೆಗೂ ಹಸುವನ್ನು ತಂಪಾಗಿಡಬೇಕು.

ಮೊದಲು ಅಳೆಯುವುದನ್ನು ರೂಢಿಸಿಕೊಳ್ಳಿ. ನೆರಳಿನಲ್ಲಿರುವ ಹಸುವಿನ ಪಕ್ಕೆ ಏರಿಳಿಯುವುದನ್ನು ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿ. ಉಸಿರು ನಿಮಿಷಕ್ಕೆ 60 ದಾಟಿದರೆ ಹಸು ಬಳಲುತ್ತಿದೆ ಎಂದೇ ಅರ್ಥ. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಿದಾಗ ಸಹಜವಾಗಿ ಸುಮಾರು 38.5 ಡಿಗ್ರಿ ಸೆಲ್ಸಿಯಸ್ ಇರಬೇಕಾದ ಉಷ್ಣತೆ ಮಧ್ಯಾಹ್ನದ ಹೊತ್ತಿಗೆ 39.2 ದಾಟುತ್ತಿದ್ದರೆ ಗರ್ಭ ನಿಲ್ಲುವ ಸಾಧ್ಯತೆ ಕುಗ್ಗುತ್ತದೆ. ಹವೆಯ ತಾಪಮಾನವೊಂದನ್ನೇ ನಂಬಬಾರದು. 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೇವಾಂಶ ಶೇ 20 ಇದ್ದರೆ, ಎರಡನ್ನೂ ಸೇರಿಸಿ ಲೆಕ್ಕ ಹಾಕುವ ತಾಪಮಾನ–ತೇವಾಂಶ ಸೂಚ್ಯಂಕ ಸುಮಾರು 72. ಅದೇ ಶೇ 80 ಇದ್ದರೆ ಸುಮಾರು 80. ಸೂಚ್ಯಂಕ 72 ದಾಟಿದರೆ ತೊಂದರೆ ಎಂದು ಹಿಂದಿನಿಂದ ಲೆಕ್ಕ ಹಾಕುತ್ತಿದ್ದರು, ಆದರೆ ಹೆಚ್ಚು ಹಾಲು ಕೊಡುವ ಹಸುಗಳ ದೇಹವೇ ಹೆಚ್ಚು ಶಾಖ ಉತ್ಪಾದಿಸುವುದರಿಂದ ಅವುಗಳಿಗೆ 68ರ ಆಸುಪಾಸಿನಲ್ಲೇ ಒತ್ತಡ ಶುರುವಾಗುತ್ತದೆ.

ತಂಪು ಮಾಡುವ ಕ್ರಮದಲ್ಲಿ ನೆರಳಿಗೆ ಮೊದಲ ಸ್ಥಾನ. ಅದರ ಮೇಲೆ ನೀರು ಮತ್ತು ಗಾಳಿ ಎರಡೂ ಜೊತೆಯಾಗಿ ಸಿಗಬೇಕು. ಒಂದೆರಡು ನಿಮಿಷ ದಪ್ಪ ಹನಿಗಳ ನೀರು ಬಿಟ್ಟು, ಕೂದಲನ್ನು ಬೆರಳಿನಿಂದ ಸರಿಸಿ ನೋಡಿದಾಗ ಚರ್ಮವೂ ಒದ್ದೆಯಾಗಿರುವಂತೆ ನೆನೆಸಿ, ಬಳಿಕ ಐದಾರು ನಿಮಿಷ ಫ್ಯಾನ್ ಬಿಟ್ಟು ಆ ನೀರು ಆವಿಯಾಗಲು ಬಿಡಬೇಕು. ಇದನ್ನು ಮತ್ತೆ ಮತ್ತೆ ಮಾಡಬೇಕು. ಗಾಳಿಯಾಡದ ಕೊಟ್ಟಿಗೆಯಲ್ಲಿ ಮಂಜಿನಂತೆ ನೀರು ಸಿಂಪಡಿಸಿದರೆ ಅದು ಕೂದಲ ತುದಿಯಲ್ಲೇ ನಿಂತು, ತೇವಾಂಶ ಹೆಚ್ಚಿ, ಹಸುವಿನ ಪಾಡು ಇನ್ನಷ್ಟು ಕೆಡುತ್ತದೆ. ನೀರು ಇಳಿದು ಕೆಚ್ಚಲು ಒದ್ದೆಯಾಗದಂತೆ ನೋಡಿಕೊಳ್ಳಿ, ಇಲ್ಲವಾದರೆ ಕೆಚ್ಚಲು ಬಾವು ರೋಗಕ್ಕೆ ದಾರಿಯಾಗುತ್ತದೆ. ಹಗಲಿನ ಶಾಖ ಇಳಿಯದೆ ರಾತ್ರಿ ಕಳೆದರೆ ಮರುದಿನ ಹಸು ಇನ್ನೂ ಬೇಗ ಬಳಲುವುದರಿಂದ ಸಂಜೆಯ ನಂತರವೂ ಫ್ಯಾನ್ ನಿಲ್ಲಿಸಬೇಡಿ. ಮೇವಿನ ಹೆಚ್ಚಿನ ಪಾಲನ್ನು ತಂಪು ಹೊತ್ತಿನಲ್ಲಿ ಕೊಡಿ, ಕುಡಿಯುವ ನೀರನ್ನು ನೆರಳಿನಲ್ಲಿಡಿ.

ಬೆದೆ ಗುರುತಿಸುವುದು ಸೆಕೆಯಲ್ಲಿ ನಿಜಕ್ಕೂ ಕಷ್ಟದ ಕೆಲಸ. ಬಳಲಿದ ಹಸುಗಳು ಒಂದರ ಮೇಲೊಂದು ಹತ್ತುವುದು ಕಡಿಮೆ, ಬೆದೆಯ ಅವಧಿಯೂ ಮೊಟಕು, ಹೊರಗೆ ಲಕ್ಷಣ ತೋರದ ಮೂಕಬೆದೆಯೂ ಹೆಚ್ಚು. ನಸುಕಿನಲ್ಲಿ ಮತ್ತು ರಾತ್ರಿ ತಡವಾಗಿ ಕೊಟ್ಟಿಗೆಗೆ ಹೋಗಿ, ಬಾಲಕ್ಕೆ ಅಂಟಿದ ಪಾರದರ್ಶಕ ಲೋಳೆಯನ್ನು ಹುಡುಕಿ. ಬೆಳಿಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಿ. ಬೆದೆಯೇ ಕಾಣದ ಹಸುಗಳಿಗೆ ಹಾರ್ಮೋನ್ ಚುಚ್ಚುಮದ್ದಿನಿಂದ ಸಮಯ ನಿಗದಿಪಡಿಸಿ ಗರ್ಭಧಾರಣೆ ಮಾಡಬಹುದೇ ಎಂದು ಪಶುವೈದ್ಯರನ್ನು ಕೇಳಿ; ಇದು ಬೆದೆ ತಪ್ಪಿಹೋಗುವುದನ್ನು ತಡೆಯುತ್ತದೆಯೇ ಹೊರತು ಅಂಡಾಣುವಿಗೆ ಆದ ಹಾನಿಯನ್ನು ಸರಿಪಡಿಸುವುದಿಲ್ಲ. ಏಳು ದಿನದ ಭ್ರೂಣವನ್ನು ಹಸುವಿನ ಗರ್ಭಕೋಶಕ್ಕೆ ವರ್ಗಾಯಿಸುವ ವಿಧಾನ ಆ ಮೊದಲ ಸೂಕ್ಷ್ಮ ದಿನಗಳನ್ನು ದಾಟಿಸುತ್ತದೆ, ಆದರೆ ಅದು ಎಲ್ಲರ ಕೈಗೆಟಕುವಂಥದ್ದಲ್ಲ. ಹೋರಿಯಿಂದಲೇ ಹಾಯಿಸುವವರು ಅದಕ್ಕೂ ನೆರಳು, ನೀರು ಒದಗಿಸಬೇಕು. ವೀರ್ಯಾಣು ತಯಾರಾಗಲು ಸುಮಾರು ಎರಡು ತಿಂಗಳು ಬೇಕಾಗುವುದರಿಂದ ಇಂದಿನ ಬಿಸಿಲಿನ ಪರಿಣಾಮ ವಾರಗಳ ನಂತರ ಕಾಣುತ್ತದೆ.

ಹಾಲು ಬತ್ತಿಸಿದ ಹಸುವನ್ನು ಕೊಟ್ಟಿಗೆಯ ಬಿಸಿ ಮೂಲೆಗೆ ತಳ್ಳುವುದು ಬಹಳ ಕಡೆ ನಡೆಯುತ್ತದೆ. ಕರು ಹಾಕುವ ಮುನ್ನಿನ ಆ ಎರಡು ತಿಂಗಳಲ್ಲಿ ಶಾಖ ತಟ್ಟಿದರೆ ಮುಂದಿನ ಸೂಲಿನ ಹಾಲು ಇಳಿಯುತ್ತದೆ, ಹುಟ್ಟುವ ಕರುವಿನ ತೂಕವೂ ಕಡಿಮೆಯಾಗುತ್ತದೆ. ಹಾಲು ಕೊಡುವ ಹಸುವಿಗೆ ಹಾಕಿದ ಫ್ಯಾನ್ ಅದಕ್ಕೂ ಬೇಕು.