ಅಣಬೆ ಕಾಲ್ಮಣೆಯ ಕಾಂಡ ಅಲುಗಾಡದಂತೆ ಕೂರಿಸಿದ ಬಗೆ

ಹಲಸಿನ ಮರದಲ್ಲಿ ಕಡೆದ, ಅಣಬೆಯಾಕಾರದ ಕಾಲ್ಮಣೆಯ ಕಾಂಡ ಮಳೆಗಾಲದಲ್ಲಿ ಬಿಗಿಯಾಗಿರುತ್ತಿತ್ತು. ಕಾಸರಗೋಡಿನಲ್ಲಿ ಮಾಗಿಯ ಒಣಗಾಳಿ ಬೀಸಿದೊಡನೆ ಟೊಪ್ಪಿಯೊಳಗೆ ಸಡಿಲಗೊಂಡು ಕಿರುಗುಟ್ಟುತ್ತಿತ್ತು. ಮರದಂಟು ಒಂದು ಬೇಸಿಗೆಯೂ ನಿಲ್ಲಲಿಲ್ಲ, ಓರೆಯಾಗಿ ಹಾಕಿದ ಸ್ಕ್ರೂ ಟೊಪ್ಪಿಯನ್ನೇ ಸೀಳತೊಡಗಿತು, ಎಪಾಕ್ಸಿ ಅಂಟು ಅಂಚಿನಿಂದ ಬಿಟ್ಟುಬಂತು.

ಫಲಿಸಿದ್ದು ಬೆಣೆ ಹೊಡೆದ ಕೂಟ, ಅಂದರೆ ಕಾಂಡದ ಗೂಟವನ್ನು ಟೊಪ್ಪಿಯ ತೂತಿಗೆ ತೂರಿಸಿ ಬೆಣೆಯಿಂದ ಬಿಗಿಯುವ ಜೋಡಣೆ. ಅದರಲ್ಲಿ ಕ್ರಮವೇ ಮುಖ್ಯ. ಕಾಂಡದ ತುದಿಯ 40 ಮಿ.ಮೀ. ಗೂಟವನ್ನು ತುಸು ದಪ್ಪವಾಗಿಯೇ ಕಡೆದು, ಒಲೆಯ ಮೇಲಿನ ಅಟ್ಟದಲ್ಲಿ ತೂಕ ಇನ್ನು ಇಳಿಯದು ಎನ್ನುವವರೆಗೆ ಒಣಗಿಸಬೇಕು. ಟೊಪ್ಪಿ ಮಾತ್ರ ನೆರಳಿನಲ್ಲೇ ಇರಲಿ. ಹೀಗೆ ಒಣಗಿದ ಗೂಟವನ್ನು ತೂತಿನ ಅಳತೆಗೆ ಉಜ್ಜಿ ಕೂರಿಸಿದರೆ, ಅದು ಗಾಳಿಯ ತೇವ ಹೀರಿ ಹಿಗ್ಗುತ್ತದೆಯೇ ಹೊರತು ಕೂರಿಸಿದಾಗಿನ ಅಳತೆಗಿಂತ ಕುಗ್ಗುವುದಿಲ್ಲ. ಕೂರಿಸುವ ಮೊದಲು ತೂತನ್ನು ಟೊಪ್ಪಿಯ ಮೇಲ್ಮೈವರೆಗೂ ಕೊರೆದು, ನಾರು ಹರಿಯುವ ದಿಕ್ಕಿನ ಎರಡೂ ಬದಿಗಳಲ್ಲಿ ಅದರ ಮೇಲ್ಬಾಯಿಯನ್ನು ಅರದಿಂದ ತಲಾ 1 ಮಿ.ಮೀ. ಅಗಲಿಸಬೇಕು. ಗೂಟದ ತಲೆಗೆ ಮೂರನೆಯ ಎರಡು ಪಾಲು ಆಳಕ್ಕೆ ಗರಗಸದ ಸೀಳು ಹಾಕಿ, ಆ ಸೀಳು ಟೊಪ್ಪಿಯ ನಾರಿಗೆ ಅಡ್ಡಲಾಗಿ ನಿಲ್ಲುವಂತೆ ತಿರುಗಿಸಬೇಕು; ನಾರಿನ ಗುಂಟ ನಿಂತರೆ ಬೆಣೆಯ ಒತ್ತಡಕ್ಕೆ ಟೊಪ್ಪಿಯೇ ಒಡೆಯುತ್ತದೆ. ಬೀಟೆಯ ತುಂಡಿನಲ್ಲಿ 5 ಡಿಗ್ರಿ ಓರೆಯ ಬೆಣೆ ಮಾಡಿ, ಅಂಟು ಸವರಿ ಹೊಡೆಯುತ್ತಾ, ಮಂದವಾಗಿದ್ದ ಸದ್ದು ಗಡುಸಾದ ಕೂಡಲೇ ನಿಲ್ಲಿಸಬೇಕು. ಮರುದಿನ ಹೆಚ್ಚಿನ ತಲೆಯನ್ನು ಕೊಯ್ದು, ಟೊಪ್ಪಿಯ ಮೇಲೂ ಅಡಿಗೂ ಅಗಸೆ ಎಣ್ಣೆ ಹಚ್ಚಬೇಕು. ಒಂದೇ ಬದಿಗೆ ಹಚ್ಚಿದರೆ ಮರ ಬಾಗುತ್ತದೆ.