ಲಿಮರಿಕ್‌ಗೆ ಬಂದವರಿಗೆ ಒಂದು ರಗ್ಬಿ ಪಂಚಾಂಗ

ಐರ್ಲೆಂಡಿನ ಲಿಮರಿಕ್‌ಗೆ ಹೊಸದಾಗಿ ಬಂದವರು ಮೊದಲ ವಾರ ಕೇಳುವ ಪ್ರಶ್ನೆಗಳೆಲ್ಲ ಒಂದೇ ತರಹದವು. ಬಾಡಿಗೆ ಮನೆ ಎಲ್ಲಿ ನೋಡಬೇಕು, ಸೋನಾ ಮಸೂರಿ ಯಾವ ಅಂಗಡಿಯಲ್ಲಿ ಸಿಗುತ್ತದೆ, ತೆರಿಗೆಗೆ ಬೇಕಾದ ಸಂಖ್ಯೆ ಬರಲು ಎಷ್ಟು ದಿನ ಕಾಯಬೇಕು. ಇವಕ್ಕೆ ಉತ್ತರ ಕೊಡುವವರು ಊರು ತುಂಬ ಇದ್ದಾರೆ. ಮೂರು ತಿಂಗಳು ಕಳೆದ ಮೇಲೆ ಅದೇ ಜನ ಮೆಲ್ಲಗೆ ಇನ್ನೊಂದು ಪ್ರಶ್ನೆ ತೆಗೆಯುತ್ತಾರೆ: “ಸೋಮವಾರ ಬೆಳಿಗ್ಗೆ ಚಹಾ ಹೊತ್ತಿನಲ್ಲಿ ಇವರೆಲ್ಲ ಏನು ಮಾತನಾಡುತ್ತಾರೆ? ಇಂಗ್ಲಿಷ್ ಎಂಬುದೇನೋ ಗೊತ್ತಾಗುತ್ತದೆ, ಒಂದು ವಾಕ್ಯವೂ ಅರ್ಥವಾಗುವುದಿಲ್ಲ.” ಈ ಬರಹ ಅವರಿಗಾಗಿ.

ಅವರು ಮಾತನಾಡುವುದು ರಗ್ಬಿಯ ಬಗ್ಗೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ ಮನ್‌ಸ್ಟರ್ ಬಗ್ಗೆ, ಅಂದರೆ ಲಿಮರಿಕ್ ಇರುವ ಪ್ರಾಂತ್ಯದ ತಂಡದ ಬಗ್ಗೆ. ಡಬ್ಲಿನ್‌ನಲ್ಲಿ ರಗ್ಬಿ ಬಹುಮಟ್ಟಿಗೆ ದುಬಾರಿ ಖಾಸಗಿ ಶಾಲೆಗಳಲ್ಲಿ ಓದಿದವರ ಆಟ ಎಂಬ ಮಾತಿದೆ. ಲಿಮರಿಕ್‌ನಲ್ಲಿ ಹಾಗಲ್ಲ. ಇಲ್ಲಿ ವೈದ್ಯರೂ ಆಡುತ್ತಾರೆ, ನಲ್ಲಿ ರಿಪೇರಿ ಮಾಡುವವರೂ ಆಡುತ್ತಾರೆ, ಸೋಮವಾರ ಇಬ್ಬರೂ ಸೇರಿ ರೆಫರಿಯನ್ನು ಬೈಯುತ್ತಾರೆ. ಹೊಸಬರಿಗೆ ಇದರಿಂದ ಅನುಕೂಲವೇ ಆಯಿತು. ಒಂದು ಆಟದ ಬಗ್ಗೆ ನಾಲ್ಕು ಮಾತು ಬಂದರೆ ಸಾಕು, ಊರಿನ ಯಾವ ಬೆಂಚಿನ ಮೇಲಾದರೂ ಕುಳಿತುಕೊಳ್ಳಬಹುದು.

ಮೊದಲು ಮನ್‌ಸ್ಟರ್ ಆಡುವ ಪಂದ್ಯಾವಳಿಯ ಹೆಸರಿನ ಗೊಂದಲ ಕಳೆಯೋಣ. ಹಿರಿಯರು ಸೆಲ್ಟಿಕ್ ಲೀಗ್ ಎನ್ನುತ್ತಾರೆ, ನಡುವಯಸ್ಸಿನವರ ಬಾಯಲ್ಲಿ ಮ್ಯಾಗ್ನರ್ಸ್ ಲೀಗ್ ಬರುತ್ತದೆ, ಮತ್ತೊಬ್ಬರು ಪ್ರೊ12 ಅಥವಾ ಪ್ರೊ14 ಎನ್ನುತ್ತಾರೆ. ಎಲ್ಲವೂ ಒಂದೇ ಪಂದ್ಯಾವಳಿ. 2001ರಲ್ಲಿ ಐರ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್‌ಗಳ 15 ತಂಡಗಳೊಂದಿಗೆ ಶುರುವಾಯಿತು. ಮೊದಲ ವರ್ಷದ ಫೈನಲ್‌ನಲ್ಲಿ ಡಬ್ಲಿನ್ ಕಡೆಯ ಲೆನ್‌ಸ್ಟರ್ ತಂಡ ಮನ್‌ಸ್ಟರನ್ನು 24–20ರಿಂದ ಸೋಲಿಸಿತು. ಆ ಸಿಟ್ಟು ಇಲ್ಲಿ ಇನ್ನೂ ಆರಿಲ್ಲ. 2010ರಲ್ಲಿ ಇಟಲಿಯ ತಂಡಗಳು ಬಂದವು, 2017ರಲ್ಲಿ ದಕ್ಷಿಣ ಆಫ್ರಿಕಾದ ಎರಡು ತಂಡಗಳು ಸೇರಿದವು. 2021ರಿಂದ ಯುನೈಟೆಡ್ ರಗ್ಬಿ ಚಾಂಪಿಯನ್‌ಶಿಪ್ ಎಂಬ ಹೆಸರಿನಲ್ಲಿ 16 ತಂಡಗಳಿವೆ: ಐರ್ಲೆಂಡಿನ ನಾಲ್ಕು, ವೇಲ್ಸ್‌ನ ನಾಲ್ಕು, ದಕ್ಷಿಣ ಆಫ್ರಿಕಾದ ನಾಲ್ಕು, ಸ್ಕಾಟ್ಲೆಂಡಿನ ಎರಡು, ಇಟಲಿಯ ಎರಡು. ಕೇಪ್ ಟೌನ್ ಸೆಲ್ಟಿಕ್ ಆದದ್ದು ಹೇಗೆ ಎಂದು ಕೇಳಬೇಡಿ. ಟಿವಿ ಹಕ್ಕಿನ ಹಣ ಯಾರನ್ನು ಬೇಕಾದರೂ ನೆಂಟರನ್ನಾಗಿ ಮಾಡುತ್ತದೆ.

ಹೆಸರಿನ ಮುಂದೆ ಬಿಕೆಟಿ ಎಂಬ ಮೂರಕ್ಷರ ಅಂಟಿರುವುದನ್ನು ನೋಡುತ್ತೀರಿ. ಅದು ನಮ್ಮ ಮುಂಬೈ ಮೂಲದ ಬಾಲಕೃಷ್ಣ ಇಂಡಸ್ಟ್ರೀಸ್, ಟ್ರ್ಯಾಕ್ಟರ್ ಮತ್ತು ಗಣಿ ವಾಹನಗಳಿಗೆ ಟಯರು ಮಾಡುವ ಕಂಪನಿ. ಸಹೋದ್ಯೋಗಿಗಳೊಡನೆ ಮಾತು ಶುರುಮಾಡಲು ಇದಕ್ಕಿಂತ ಒಳ್ಳೆಯ ತುಣುಕು ನನಗೆ ಸಿಕ್ಕಿಲ್ಲ. ಟ್ರ್ಯಾಕ್ಟರ್ ಇಟ್ಟುಕೊಂಡ ಇಲ್ಲಿನ ರೈತರಿಗೆ ಆ ಟಯರಿನ ಗುರುತೂ ಇರುತ್ತದೆ.

ಈಗ ಪಂಚಾಂಗ. ನಾವು ಮನೆಯಲ್ಲಿ ದಸರಾ ಗೊಂಬೆ ಜೋಡಿಸುವ ಹೊತ್ತಿಗೆ, ಸೆಪ್ಟೆಂಬರ್ ಕೊನೆಯಲ್ಲಿ, ಋತು ಶುರು. ಊರಲ್ಲಿ ಕಾರಹುಣ್ಣಿಮೆ ಬರುವ ಹೊತ್ತಿಗೆ, ಸಾಮಾನ್ಯವಾಗಿ ಜೂನ್‌ನಲ್ಲಿ, ಫೈನಲ್. ನಡುವೆ ಪ್ರತಿ ತಂಡಕ್ಕೂ 18 ಪಂದ್ಯ, ಒಂಬತ್ತು ತವರಿನಲ್ಲಿ, ಒಂಬತ್ತು ಹೊರಗೆ. ಮೊದಲ ಎಂಟು ಸ್ಥಾನದವರಿಗೆ ಕ್ವಾರ್ಟರ್ ಫೈನಲ್. ಲೆಕ್ಕ ಸುಲಭ, ಆದರೆ ಈ 18 ಪಂದ್ಯ ಸಾಲಾಗಿ ಬರುವುದಿಲ್ಲ. ನವೆಂಬರ್‌ನಲ್ಲಿ ದೇಶಗಳ ನಡುವಿನ ಪಂದ್ಯಗಳು, ಡಿಸೆಂಬರ್ ಮತ್ತು ಜನವರಿಯಲ್ಲಿ ಯುರೋಪಿಯನ್ ಕಪ್, ಫೆಬ್ರವರಿ-ಮಾರ್ಚ್‌ನಲ್ಲಿ ಯುರೋಪಿನ ಆರು ದೇಶಗಳ ಸಿಕ್ಸ್ ನೇಷನ್ಸ್. ದೇಶದ ತಂಡ ಕರೆದರೆ ದೊಡ್ಡ ಆಟಗಾರರು ಹೊರಟುಬಿಡುತ್ತಾರೆ. ಭಾರತ ತಂಡ ಪ್ರವಾಸದಲ್ಲಿರುವಾಗ ರಣಜಿ ಆಡುವ ಕರ್ನಾಟಕವನ್ನು ನೆನೆಯಿರಿ: ಪೋಸ್ಟರ್‌ನಲ್ಲಿ ಇರುವವನು ಮೈದಾನದಲ್ಲಿ ಇರುವುದಿಲ್ಲ, ಯಾರೂ ಕೇಳಿರದ ಇಪ್ಪತ್ತರ ಹುಡುಗನೊಬ್ಬ ಎದ್ದು ನಿಲ್ಲುತ್ತಾನೆ. ಯಾರನ್ನಾದರೂ ನೋಡಲೆಂದೇ ಹೋಗುವುದಾದರೆ ಪಂದ್ಯದ ಹಿಂದಿನ ದಿನ ಪ್ರಕಟವಾಗುವ 23 ಜನರ ಪಟ್ಟಿ ನೋಡಿ ಟಿಕೆಟ್ ಕೊಳ್ಳಿ.

ಆಸ್ಪತ್ರೆಯಲ್ಲಿ ಪಾಳಿ ಕೆಲಸ ಮಾಡುವವರಿಗೆ ವಿಶೇಷ ಸೂಚನೆ. ನಗುಮುಖದ ಸಹೋದ್ಯೋಗಿಯೊಬ್ಬರು ಬಂದು “ಆ ಶನಿವಾರ ಸಂಜೆಯ ಪಾಳಿ ನಿಮಗೆ, ನಿಮ್ಮ ಮಂಗಳವಾರದ್ದು ನನಗೆ” ಎಂದರೆ ತಕ್ಷಣ ಒಪ್ಪಬೇಡಿ. ಮೊದಲು ಪಂದ್ಯಗಳ ಪಟ್ಟಿ ನೋಡಿ. ಅಂದು ಲೆನ್‌ಸ್ಟರ್ ಬರುತ್ತಿದ್ದರೆ ಆ ಪಾಳಿಯ ಬೆಲೆ ಒಂದು ಮಂಗಳವಾರವಲ್ಲ, ಎರಡು. ದೀಪಾವಳಿಯ ರಜೆ ನನಗೆ ಸಿಕ್ಕಿದ್ದೇ ಈ ವ್ಯಾಪಾರದಿಂದ.

ಆಟದ ನಿಯಮ ಪೂರ್ತಿ ಕಲಿಯುತ್ತೇನೆಂದು ಹೊರಡಬೇಡಿ. ನಲವತ್ತು ವರ್ಷ ನೋಡಿದವರೂ ಸ್ಕ್ರಮ್ (ಎರಡೂ ತಂಡದ ಎಂಟೆಂಟು ಜನ ಬೆಸೆದು ನಿಂತು ತಳ್ಳಾಡುವುದು) ಕುಸಿದಾಗ ತಪ್ಪು ಯಾರದೆಂದು ಊಹೆಯನ್ನೇ ಮಾಡುತ್ತಾರೆ. ಕಬಡ್ಡಿ ನೋಡಿದವರಿಗೆ ಹಿಡಿತ, ಒದ್ದಾಟ, ಗೆರೆ ಮುಟ್ಟುವ ಹಂಬಲ ಹೊಸದಲ್ಲ. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ, ಹಿಂದಕ್ಕೇ ಕೊಡಬೇಕು. ಮುಂದೆ ಹೋಗಬೇಕೆಂದರೆ ಓಡಬೇಕು ಇಲ್ಲವೇ ಒದೆಯಬೇಕು. ಗೆರೆಯಾಚೆ ಚೆಂಡನ್ನು ನೆಲಕ್ಕೆ ಊರಿದರೆ ಟ್ರೈ, ಐದು ಅಂಕ. ಅದರ ಬೆನ್ನಿಗೆ ಕಂಬಗಳ ನಡುವೆ ಒದ್ದರೆ ಎರಡು. ಪೆನಾಲ್ಟಿಗೆ ಮೂರು, ಓಡುತ್ತಿರುವ ಆಟದ ನಡುವೆ ಚೆಂಡನ್ನು ನೆಲಕ್ಕೆ ಪುಟಿಸಿ ಒದೆಯುವ ಡ್ರಾಪ್ ಗೋಲ್‌ಗೂ ಮೂರು.

ಇದಕ್ಕಿಂತ ಮುಖ್ಯ ಬೋನಸ್ ಅಂಕದ ಲೆಕ್ಕ, ಏಕೆಂದರೆ ಸೋಮವಾರದ ಚರ್ಚೆಯೆಲ್ಲ ಇದರ ಮೇಲೆಯೇ. ಗೆದ್ದರೆ ಪಟ್ಟಿಯಲ್ಲಿ ನಾಲ್ಕು ಅಂಕ, ಸಮವಾದರೆ ಎರಡು. ನಾಲ್ಕು ಟ್ರೈ ಹೊಡೆದರೆ ಇನ್ನೊಂದು. ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಿಂದ ಸೋತರೂ ಒಂದು. ಹತ್ತು ಅಂಕ ಹಿಂದಿರುವ ತಂಡ ಕೊನೆಯ ನಿಮಿಷದಲ್ಲಿ ಪೆನಾಲ್ಟಿ ಒದ್ದು ಸೋತಾಗ ಜನ ಚಪ್ಪಾಳೆ ತಟ್ಟುವುದು ಕಂಡು ನನಗೆ ಮೊದಲು ತಲೆ ಕೆಟ್ಟಿತ್ತು. ಮೇ ತಿಂಗಳಲ್ಲಿ ಎಂಟನೆಯ ಸ್ಥಾನವನ್ನು ತೀರ್ಮಾನಿಸುವುದು ಅಂಥ ಪುಡಿಗಾಸೇ.

ಮೊದಲ ಪಂದ್ಯಕ್ಕೆ ಯಾವುದನ್ನು ಆರಿಸಬೇಕು? ಕ್ರಿಸ್‌ಮಸ್ ಆಸುಪಾಸಿನ ಲೆನ್‌ಸ್ಟರ್ ಪಂದ್ಯಕ್ಕೆ ಹೋಗಿ ಎಂದು ಎಲ್ಲರೂ ಹೇಳುತ್ತಾರೆ. ನಾನು ಹೇಳುವುದಿಲ್ಲ. ಅದಕ್ಕೆ ಟಿಕೆಟ್ ಸಿಗುವುದು ಕಷ್ಟ, ಸಿಕ್ಕರೂ ನಿಮ್ಮ ಪಕ್ಕದವರಿಗೆ ನಿಮಗೆ ವಿವರಿಸುವ ತಾಳ್ಮೆ ಇರುವುದಿಲ್ಲ. ಅಕ್ಟೋಬರಿನ ಒಂದು ಒದ್ದೆ ಶುಕ್ರವಾರ ಇಟಲಿಯ ಜೆಬ್ರೆ ಅಥವಾ ವೇಲ್ಸ್‌ನ ಡ್ರ್ಯಾಗನ್ಸ್ ಬಂದಾಗ ಹೋಗಿ. ಜಾಗ ಇರುತ್ತದೆ, ಟ್ರೈಗಳೂ ಬೀಳುತ್ತವೆ, ಹಿಂದಿನ ಸಾಲಿನ ಅಜ್ಜ ಕೇಳದಿದ್ದರೂ ಎಲ್ಲವನ್ನೂ ವಿವರಿಸುತ್ತಾರೆ. ಪಂದ್ಯ ಲಿಮರಿಕ್‌ನ ಮೈದಾನ ಥೋಮಂಡ್ ಪಾರ್ಕ್‌ನಲ್ಲೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಮನ್‌ಸ್ಟರ್ ಕೆಲವು ಪಂದ್ಯಗಳನ್ನು ಕಾರ್ಕ್‌ನಲ್ಲಿ ಆಡುತ್ತದೆ. ನಮ್ಮವರೊಬ್ಬರು ಇಬ್ಬರು ಮಕ್ಕಳೊಂದಿಗೆ ಬೀಗ ಹಾಕಿದ ಗೇಟಿನ ಮುಂದೆ ನಿಂತ ಕಥೆ ಇಲ್ಲಿನ ಕನ್ನಡ ಮನೆಗಳಲ್ಲಿ ಈಗಲೂ ನಡೆಯುತ್ತದೆ.

ಕಾರು ತೆಗೆಯಬೇಡಿ. ಪೇಟೆಯಿಂದ ಕಿಂಗ್ ಜಾನ್ ಕೋಟೆಯ ಪಕ್ಕ ಬಂದು, ಥೋಮಂಡ್ ಸೇತುವೆಯಲ್ಲಿ ಶಾನನ್ ನದಿ ದಾಟಿ, ಕೆಂಪು ಟೋಪಿಗಳ ಸಾಲಿನ ಹಿಂದೆ ನಡೆದರೆ ಸಾಕು. ಸುಮಾರು 25,600 ಜನ ಹಿಡಿಸುವ ಮೈದಾನ. ಎರಡು ಉದ್ದ ಬದಿಗಳಲ್ಲಿ ಆಸನಗಳು, ಎರಡು ತುದಿಗಳಲ್ಲಿ ನಿಂತು ನೋಡುವ ಮೆಟ್ಟಿಲುಗಳು. ನಿಲ್ಲುವ ಟಿಕೆಟ್ ಅಗ್ಗ, ಆದರೆ ಮಕ್ಕಳಿದ್ದರೆ ಬೇಡ. ಮಲೆನಾಡಿನವರಿಗೆ ಮಳೆ ಹೊಸದಲ್ಲ ಎಂದು ಬೀಗಬೇಡಿ, ಇಲ್ಲಿಯದು ಅಡ್ಡಡ್ಡ ಬರುತ್ತದೆ. ಕೊಡೆ ಬಿಚ್ಚಿದರೆ ಹಿಂದಿನವರಿಗೆ ಮೈದಾನ ಕಾಣದು, ಟೋಪಿಯಿರುವ ಮಳೆಕೋಟು ಹಾಕಿಕೊಳ್ಳಿ. ಸಸ್ಯಾಹಾರಿಗಳಿಗೆ ಆಲೂಗಡ್ಡೆ ಚಿಪ್ಸ್‌ ಬಿಟ್ಟರೆ ಗತಿಯಿಲ್ಲ. ಮನೆಯಲ್ಲೇ ಅವಲಕ್ಕಿ ತಿಂದು ಹೊರಡುವುದು ಲೇಸು.

ಇನ್ನು ಮೌನದ ವಿಷಯ. ನನ್ನ ಮೊದಲ ಪಂದ್ಯದಲ್ಲಿ ಮನ್‌ಸ್ಟರ್ ಟ್ರೈ ಹೊಡೆಯಿತು, ಮೈದಾನ ಎದ್ದು ಕುಣಿಯಿತು, ನಾನೂ ಕುಣಿದೆ. ಒದೆಯುವ ಹುಡುಗ ಚೆಂಡನ್ನು ಪುಟ್ಟ ಆಸರೆಯ ಮೇಲೆ ನಿಲ್ಲಿಸಿ ನಾಲ್ಕು ಹೆಜ್ಜೆ ಹಿಂದೆ ಸರಿದ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಬೆಳೆದ ಗಂಟಲು ನನ್ನದು, “ಹೊಡಿ, ಹೊಡಿ!” ಎಂದು ಕೂಗಿದೆ. ಕೂಗಿದ ಮೇಲೆ ತಿಳಿಯಿತು, ಇಡೀ ಮೈದಾನದಲ್ಲಿ ಕೇಳುತ್ತಿರುವುದು ನನ್ನ ಕನ್ನಡ ಒಂದೇ. ಧ್ವಜದ ಹಗ್ಗ ಕಂಬಕ್ಕೆ ಟಕ್ ಟಕ್ ಬಡಿಯುತ್ತಿತ್ತು. ಮುಂದಿನ ಸಾಲಿನ ಕೆಂಪು ಟೋಪಿಯ ಅಜ್ಜಿ ತಿರುಗಿ ತುಟಿಯ ಮೇಲೆ ಬೆರಳಿಟ್ಟರು. ಚೆಂಡು ಕಂಬಗಳ ನಡುವೆ ಹೋಯಿತು ಎನ್ನುವುದು ನನ್ನ ಪುಣ್ಯ. ಆಮೇಲೆ ಅದೇ ಅಜ್ಜಿ ಕೋಟಿನ ಜೇಬಿನಿಂದ ಪೆಪ್ಪರ್‌ಮಿಂಟ್ ತೆಗೆದುಕೊಟ್ಟು, ಎದುರಾಳಿ ಒದೆಯುವಾಗಲೂ ಹೀಗೆಯೇ ಸುಮ್ಮನಿರಬೇಕು, ಇದು ಇಲ್ಲಿನ ಮರ್ಯಾದೆ ಎಂದರು. ಎದುರಾಳಿಗೆ ಆ ಮೌನ ಗದ್ದಲಕ್ಕಿಂತ ಹೆಚ್ಚು ಭಾರ ಎಂಬುದು ನನ್ನ ಅನುಮಾನ.

ಎರಡೂ ಕಡೆಯ ಅಭಿಮಾನಿಗಳು ಇಲ್ಲಿ ಬೆರೆತೇ ಕೂರುತ್ತಾರೆ, ನಡುವೆ ಬೇಲಿಯಿಲ್ಲ. ಪಂದ್ಯದ ನಂತರ ಪಬ್‌ಗೆ ಕರೆದರೆ ಕುಡಿಯದವರೂ ಹೋಗಬಹುದು, ಸೋಡಾ ಹಿಡಿದು ಕುಳಿತರೆ ಯಾರೂ ಒತ್ತಾಯಿಸುವುದಿಲ್ಲ. ಆದರೆ ಸರದಿಯ ಪದ್ಧತಿ ಗಮನಿಸಿ: ಒಬ್ಬೊಬ್ಬರು ಒಂದೊಂದು ಸಲ ಇಡೀ ಗುಂಪಿಗೆ ತರುತ್ತಾರೆ. ನೀವು ಸೋಡಾ ಕುಡಿದರೂ ನಿಮ್ಮ ಸರದಿ ಬಂದಾಗ ಎದ್ದು ಹೋಗಬೇಕು. ಅದನ್ನು ತಪ್ಪಿಸಿಕೊಂಡವನ ಹೆಸರು ಬಹಳ ದಿನ ಉಳಿಯುತ್ತದೆ.

ಮಾತಿಗೆ ಸರಕು ಬೇಕೆಂದರೆ 2022–23ರ ಋತು ಕೆದಕಿ, ಅಜ್ಜಂದಿರು ತಾವಾಗಿಯೇ ಮುಂದುವರಿಸುತ್ತಾರೆ. ಮೊದಲ ಏಳು ಪಂದ್ಯಗಳಲ್ಲಿ ಐದು ಸೋಲು. ಹೊಸ ಮುಖ್ಯ ಕೋಚ್ ಗ್ರಹಾಂ ರೌಂಟ್ರೀ ಕಥೆ ಮುಗಿಯಿತು ಎಂದು ಅಕ್ಟೋಬರ್‌ನಲ್ಲೇ ತೀರ್ಪು ಬಂದಿತ್ತು. ಏಪ್ರಿಲ್ ನಡುವಿನಿಂದ ಉಳಿದ ಪಂದ್ಯಗಳೆಲ್ಲ ಹೊರಗೆ. ಕೇಪ್ ಟೌನ್‌ನಲ್ಲಿ ಸ್ಟಾರ್ಮರ್ಸ್ ವಿರುದ್ಧ 26–24ರ ಗೆಲುವು, ಡರ್ಬನ್‌ನಲ್ಲಿ ಶಾರ್ಕ್ಸ್ ಜೊತೆ 22–22ರ ಸಮ. ಪಟ್ಟಿಯಲ್ಲಿ ಐದನೆಯ ಸ್ಥಾನ. ಕ್ವಾರ್ಟರ್ ಫೈನಲ್‌ನಲ್ಲಿ ಗ್ಲಾಸ್ಗೋವನ್ನು ಅವರ ಮನೆಯಲ್ಲೇ ಮಣಿಸಿದರು. ಡಬ್ಲಿನ್‌ನ ಸೆಮಿಫೈನಲ್‌ನಲ್ಲಿ ಲೆನ್‌ಸ್ಟರ್ ಮುಂದಿತ್ತು, ಆಟ ಮುಗಿಯುತ್ತ ಬಂದಿತ್ತು, ಜ್ಯಾಕ್ ಕ್ರೌಲಿ ಡ್ರಾಪ್ ಗೋಲ್ ಒದ್ದ: 16–15. ಮೇ 27ರಂದು ಮತ್ತೆ ಕೇಪ್ ಟೌನ್, ಮತ್ತೆ ಸ್ಟಾರ್ಮರ್ಸ್. ಕೊನೆಯ ನಿಮಿಷಗಳಲ್ಲಿ ಜಾನ್ ಹಾಡ್ನೆಟ್ ಗೆರೆ ದಾಟಿದ, 19–14. 2011ರ ನಂತರ ಮೊದಲ ಕಪ್. ನಮ್ಮ ಬೀದಿಯಲ್ಲಿ ಅಂದು ಕಿಟಕಿಗಳೆಲ್ಲ ತೆರೆದಿದ್ದವು, ಒಂದೊಂದು ಮನೆಯ ಟಿವಿ ಒಂದೊಂದು ಕ್ಷಣ ಹಿಂದೆ ಮುಂದೆ. ಆ ಟ್ರೈಯನ್ನು ನಾನು ನೋಡುವ ಮೊದಲೇ ಪಕ್ಕದ ಮನೆಯ ಕೂಗಿನಲ್ಲಿ ಕೇಳಿದ್ದೆ.

ಬೇರೆ ಊರಿಗೆ ಬಂದಿಳಿದವರಿಗೆ ಒಂದೆರಡು ಮಾತು. ಗಾಲ್ವೆಗೆ ಹೋದವರು ಕಾನಕ್ಟ್ ತಂಡಕ್ಕೆ 2016 ಎಂದರೆ ಏನೆಂದು ತಿಳಿದಿರಿ: ಬಡತಂಗಿಯಂತಿದ್ದ ಪ್ರಾಂತ್ಯ ಎಡಿನ್‌ಬರೋದ ಫೈನಲ್‌ನಲ್ಲಿ ಲೆನ್‌ಸ್ಟರನ್ನು 20–10ರಿಂದ ಸೋಲಿಸಿದ ವರ್ಷ. ಗಡಿಯಾಚೆ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿರುವವರಿಗೆ ಅಲ್‌ಸ್ಟರ್ ತಂಡ. ಗಡಿಯ ಎರಡೂ ಕಡೆಯವರು ಸೇರಿಯೇ ಐರ್ಲೆಂಡ್ ರಗ್ಬಿ ತಂಡ ಎಂಬುದು ನೆನಪಿರಲಿ, ಯಾರು ಯಾವ ಧ್ವಜದವರು ಎಂದು ಕೇಳುವ ಅಗತ್ಯವೇ ಇಲ್ಲ. ವೇಲ್ಸ್‌ನಲ್ಲಿ ಇನ್ನೂ ಎಚ್ಚರ ಬೇಕು. 2003ರಲ್ಲಿ ಒಂಬತ್ತು ಹಳೆಯ ಕ್ಲಬ್ಬುಗಳನ್ನು ಬೆಸೆದು ಐದು ಪ್ರಾದೇಶಿಕ ತಂಡ ಮಾಡಿದರು, ಅದರಲ್ಲಿ ಸೆಲ್ಟಿಕ್ ವಾರಿಯರ್ಸ್ ಒಂದೇ ವರ್ಷಕ್ಕೆ ಮುಚ್ಚಿತು. ಅದು ಪಾಂಟಿಪ್ರಿಡ್ ಕಡೆಯವರ ತಂಡ, ಅವರ ಮುಂದೆ ಅದನ್ನೆತ್ತಿದರೆ ಊಟ ತಣ್ಣಗಾಗುತ್ತದೆ. ಎಡಿನ್‌ಬರೋದವರಿಗೆ ಒಂದು ಉಡುಗೊರೆ: ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ಕಾದಾಡುವ ಕಲ್ಕತ್ತಾ ಕಪ್, ಮುಚ್ಚಿಹೋದ ಕಲ್ಕತ್ತಾ ಕ್ಲಬ್ಬೊಂದರ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿದ್ದು. ಹಿಡಿಗಳು ನಾಗರಹಾವು, ಮುಚ್ಚಳದ ಮೇಲೆ ಆನೆ.

ಟಿವಿಯಲ್ಲಿ ನೋಡುವವರು ಟಿಜಿ4 ವಾಹಿನಿಯನ್ನು ಒಮ್ಮೆ ಹಾಕಿ. ವೀಕ್ಷಕ ವಿವರಣೆ ಐರಿಷ್ ಭಾಷೆಯಲ್ಲಿ. ಟ್ರೈಗೆ ಅವರು ‘ಊದ್’ ಎನ್ನುತ್ತಾರೆ, ವೇಲ್ಸ್‌ನ ಎಸ್4ಸಿ ವಾಹಿನಿಯಲ್ಲಿ ‘ಕೈಸ್’. ಐಪಿಎಲ್ ವಿವರಣೆಯನ್ನು ಕನ್ನಡದಲ್ಲಿ ಕೇಳಿದ ಕಿವಿಗೆ ಇದರ ಸುಖ ವಿವರಿಸಬೇಕಿಲ್ಲ. ನನ್ನ ಮಗಳು ಶಾಲೆಯಲ್ಲಿ ಕಲಿಯದ ಐರಿಷ್ ಪದಗಳನ್ನು ಇಲ್ಲಿಂದ ಹೆಕ್ಕಿದ್ದಾಳೆ, ಅವಳ ಶಿಕ್ಷಕಿಗೆ ಅದು ಬಹಳ ಹಿಡಿಸಿತು.

ಕ್ರಿಸ್‌ಮಸ್ ಕಳೆದ ಮೇಲೆ ಲೆನ್‌ಸ್ಟರ್ ಬರುವ ದಿನಕ್ಕೆ ಟಿಕೆಟ್ ಬೇಕಿದ್ದರೆ ಶರತ್ಕಾಲದಲ್ಲೇ ತೆಗೆದಿಡಿ. ಆ ದಿನಗಳಲ್ಲಿ ಬಸ್ಸು, ರೈಲುಗಳೂ ಕಡಿಮೆ, ನಡೆದೇ ಬನ್ನಿ. ಟಿಕೆಟ್ ಸಿಗದವರಿಗೆ ನಮ್ಮ ಮನೆಯ ಬಾಗಿಲು ತೆರೆದಿರುತ್ತದೆ: ಟಿಜಿ4, ಬಿಸಿಬೇಳೆಬಾತ್, ಹಪ್ಪಳ. ಒದ್ದೆ ಬೂಟುಗಳನ್ನು ಹೊರಗೆ ಬಿಟ್ಟು ಬನ್ನಿ, ಯಾರಾದರೂ ಒದೆಯಲು ನಿಂತಾಗ ಮಾತ್ರ ಕರೆಗಂಟೆ ಒತ್ತಬೇಡಿ.