ಹೆಣ್ಣುಮಕ್ಕಳ ಆಸ್ತಿಪಾಲಿನ ಮೂಲಕ ಊರಿನ ಕುಟುಂಬ ವ್ಯವಸ್ಥೆಯ ಬದಲಾವಣೆಯನ್ನು ಅಧ್ಯಯನ ಮಾಡುವ ಕ್ರಮ

ಸಮಾಜಶಾಸ್ತ್ರದ ವಿದ್ಯಾರ್ಥಿಗಳು ಕುಟುಂಬವನ್ನು ಕುರಿತು ಬರೆಯುವ ಕಿರುಪ್ರಬಂಧಗಳಲ್ಲಿ ಹೆಚ್ಚಿನವು, ಅವಿಭಕ್ತ ಕುಟುಂಬಗಳು ಒಡೆದು ಚಿಕ್ಕ ಕುಟುಂಬಗಳಾದವು ಎಂಬ ಒಂದೇ ಮಾತನ್ನು ಹಿಗ್ಗಿಸಿ ಮುಗಿಯುತ್ತವೆ. ಒಲೆ ಬೇರೆಯಾದರೂ ಖಾತೆ ಜಂಟಿಯಾಗಿಯೇ ಉಳಿದ ಮನೆಗಳು ನಮ್ಮ ಹಳ್ಳಿಗಳಲ್ಲಿ ಎಷ್ಟೋ ಇರುವುದರಿಂದ, ಒಂದು ಸೂರಿನಡಿ ಎಷ್ಟು ಜನರಿದ್ದಾರೆಂದು ಎಣಿಸಿದರೆ ಬದಲಾವಣೆ ತಿಳಿಯುವುದಿಲ್ಲ. ಹೆಣ್ಣುಮಗಳಿಗೆ ಜಮೀನಿನಲ್ಲಿ ಪಾಲು ಸಿಕ್ಕಿತೇ, ಸಿಕ್ಕಿದ್ದರೆ ಯಾವಾಗ, ಸಿಗದಿದ್ದರೆ ಆಕೆ ಯಾವ ಕಾಗದಕ್ಕೆ ಸಹಿ ಹಾಕಿದಳು ಎಂದು ಹುಡುಕುವುದು ಹೆಚ್ಚು ಫಲ ಕೊಡುವ ದಾರಿ. ಕಾನೂನು ಬದಲಾದ ದಿನಾಂಕ ಖಚಿತವಾಗಿ ಗೊತ್ತಿದೆ. ಮನೆಯೊಳಗೆ ಅದು ಜಾರಿಗೆ ಬಂದ ದಿನಾಂಕ ಕಾಗದಗಳಲ್ಲಿ ಸಿಗುತ್ತದೆ. ಈ ಎರಡರ ನಡುವಿನ ಅಂತರವೇ ನಿಮ್ಮ ಅಧ್ಯಯನದ ವಿಷಯವಾಗಬೇಕು.

ಊರಿಗೆ ಹೋಗುವ ಮೊದಲು ಕಾನೂನಿನ ಘಟ್ಟಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹಳೆಯ ಮೈಸೂರು ಸಂಸ್ಥಾನದಲ್ಲಿ 1933ರ ಕಾಯಿದೆಯೇ ತಾಯಿಗೆ, ವಿಧವೆಗೆ ಮತ್ತು ಮದುವೆಯಾಗದ ಹೆಣ್ಣುಮಕ್ಕಳಿಗೆ ವಿಭಾಗದ ಸಮಯದಲ್ಲಿ ಒಂದು ಪಾಲನ್ನು ಕೊಟ್ಟಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ತಂದೆಯ ಸ್ವಂತ ಆಸ್ತಿಯಲ್ಲಿ ಮಗಳನ್ನು ಮಗನಿಗೆ ಸಮನಾದ ವಾರಸುದಾರಳನ್ನಾಗಿ ಮಾಡಿತಾದರೂ, ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಬರುವ ಹಕ್ಕನ್ನು ಗಂಡುಮಕ್ಕಳಿಗಷ್ಟೇ ಉಳಿಸಿತು. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂದು ಹೆಣ್ಣುಮಕ್ಕಳಿಗೂ ಆ ಹಕ್ಕನ್ನು ನೀಡಿತು. ಆದರೆ ಅದಕ್ಕೂ ಮೊದಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. ಮಗಳಿಗೆ ಈ ಹಕ್ಕು ಸಿಗಲು ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. ಕರಾವಳಿಯ ಅಳಿಯಸಂತಾನದ ಮನೆತನಗಳಲ್ಲಿ ಆಸ್ತಿಯ ಹಕ್ಕು ತಾಯಿಯ ಕಡೆಯಿಂದ ಹರಿದುಬಂದ ಕಾರಣ ಅಲ್ಲಿ ಪ್ರಶ್ನೆಗಳನ್ನೇ ಬೇರೆಯಾಗಿ ರೂಪಿಸಬೇಕಾಗುತ್ತದೆ. ಮುಸ್ಲಿಂ ಮತ್ತು ಕ್ರೈಸ್ತ ಕುಟುಂಬಗಳಿಗೆ ಈ ಕಾಯಿದೆಗಳು ಅನ್ವಯಿಸುವುದಿಲ್ಲ.

ಹದಿನೈದು ಇಪ್ಪತ್ತು ಕುಟುಂಬಗಳು ಒಂದು ಕಿರುಪ್ರಬಂಧಕ್ಕೆ ಸಾಕು. ಅವು ಒಂದೇ ಕೇರಿಯವಾಗಿರಬಾರದು. ಪ್ರಬಲ ಜಾತಿಯ ದೊಡ್ಡ ಹಿಡುವಳಿದಾರರ ಜೊತೆಗೆ, 1974ರ ಭೂಸುಧಾರಣೆಯಿಂದ ಗೇಣಿ ಜಮೀನಿಗೆ ಒಡೆಯರಾದ ಕುಟುಂಬಗಳನ್ನೂ ತಪ್ಪದೆ ಸೇರಿಸಿಕೊಳ್ಳಿ. ಉಳುವವನೇ ಹೊಲದೊಡೆಯ ಎಂಬ ಆ ದೊಡ್ಡ ಬದಲಾವಣೆಯಲ್ಲಿ ಹಕ್ಕು ಸಾಮಾನ್ಯವಾಗಿ ಮನೆಯ ಹಿರಿಯ ಗಂಡಸಿನ ಹೆಸರಿಗೇ ಬಂತು; ಮುಂದೆ ಅದು ಆತನ ಹೆಣ್ಣುಮಕ್ಕಳಿಗೂ ಹರಿಯಿತೇ ಎಂಬುದು ಕೇಳಲೇಬೇಕಾದ ಪ್ರಶ್ನೆ. ಭೂಮಿಯೇ ಇಲ್ಲದ ಮನೆಗಳ ಬಗ್ಗೆ ಈ ವಿಧಾನ ಏನನ್ನೂ ಹೇಳಲಾರದು ಎಂಬುದನ್ನು ವರದಿಯ ಆರಂಭದಲ್ಲಿಯೇ ಒಪ್ಪಿಕೊಂಡುಬಿಡಿ.

ಪ್ರತಿಯೊಂದು ಮನೆಯ ವಂಶವೃಕ್ಷವನ್ನು ನೀವೇ ಬರೆದುಕೊಳ್ಳಿ. ಕಚೇರಿಗೆ ಸಲ್ಲಿಸಿದ ವಂಶವೃಕ್ಷಗಳಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗಿರುವುದುಂಟು. ನೀವು ಬರೆದುದರ ಪಕ್ಕದಲ್ಲಿ ಅದನ್ನಿಟ್ಟು ನೋಡಿದರೆ ಆ ಬಿಟ್ಟುಹೋದ ಹೆಸರುಗಳೇ ಒಂದು ಮಾಹಿತಿಯಾಗುತ್ತವೆ. ಪ್ರತಿಯೊಬ್ಬ ಮಗಳ ಮದುವೆಯ ವರ್ಷ ಬೇಕೇ ಬೇಕು. ವರ್ಷ ನೆನಪಿಲ್ಲವೆಂದರೆ, ದೇವೇಗೌಡರು ಮುಖ್ಯಮಂತ್ರಿಯಾಗುವುದಕ್ಕಿಂತ (1994ರ ಡಿಸೆಂಬರ್) ಮೊದಲೋ ಆಮೇಲೋ, ರಾಜ್‌ಕುಮಾರ್ ಅವರ ಅಪಹರಣಕ್ಕಿಂತ (2000) ಮೊದಲೋ ಆಮೇಲೋ ಎಂದು ಕೇಳಿದರೆ ಹಿರಿಯರು ಸರಿಯಾಗಿ ಹೇಳುತ್ತಾರೆ.

ಆಮೇಲೆ ಕಾಗದಗಳಿಗೆ ಬನ್ನಿ. ಜಮೀನಿನ ಹಕ್ಕುದಾಖಲೆಯಾದ ಪಹಣಿಯ 9ನೆಯ ಕಾಲಂನಲ್ಲಿ ಖಾತೆದಾರರ ಹೆಸರೂ 10ನೆಯ ಕಾಲಂನಲ್ಲಿ ಜಮೀನು ಅವರಿಗೆ ಬಂದ ರೀತಿಯೂ ಇರುತ್ತವೆ. ಅಲ್ಲಿ ಕಾಣುವ ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್) ಸಂಖ್ಯೆಯನ್ನು ಹಿಡಿದು ತಾಲ್ಲೂಕು ಕಚೇರಿಯ ಮ್ಯುಟೇಷನ್ ದಾಖಲೆಯನ್ನು, ಎಂದರೆ ಖಾತೆ ಬದಲಾವಣೆಯ ದಾಖಲೆಯನ್ನು ನೋಡಿದರೆ, ಆ ಬದಲಾವಣೆ ಪೌತಿಯಿಂದ (ಖಾತೆದಾರರ ಮರಣದಿಂದ) ಆದದ್ದೇ, ವಿಭಾಗದಿಂದಲೇ, ದಾನದಿಂದಲೇ, ಕ್ರಯದಿಂದಲೇ ಎಂಬುದು ತಿಳಿಯುತ್ತದೆ. ಹೆಣ್ಣುಮಕ್ಕಳು ನೋಂದಾಯಿತ ಹಕ್ಕುಬಿಡುಗಡೆ ಪತ್ರ ಬರೆದುಕೊಟ್ಟಿದ್ದರೆ ಅದು ಉಪನೋಂದಣಾಧಿಕಾರಿ ಕಚೇರಿಯಿಂದ ಪಡೆಯುವ ಋಣಭಾರ ಪ್ರಮಾಣಪತ್ರದಲ್ಲಿ ಕಾಣಿಸಿಕೊಳ್ಳುತ್ತದೆ. ಇಲ್ಲಿ ಒಂದು ಎಚ್ಚರ ಅಗತ್ಯ. ಪಹಣಿಯಲ್ಲಿ ಕಂಡ ಹೆಣ್ಣಿನ ಹೆಸರುಗಳನ್ನೆಲ್ಲ ಒಟ್ಟುಗೂಡಿಸಿ ಇಷ್ಟು ಮಹಿಳೆಯರಿಗೆ ಭೂಮಿ ಬಂದಿದೆ ಎಂದು ಬರೆಯಬೇಡಿ. ಗಂಡ ತೀರಿಕೊಂಡ ಮೇಲೆ ಹೆಸರು ಸೇರಿದ ವಿಧವೆ, ಗಂಡ ತನ್ನ ಹಣದಿಂದ ಕೊಂಡ ಜಮೀನಿಗೆ ಹೆಸರು ಕೊಟ್ಟ ಹೆಂಡತಿ, ತಂದೆಯಿಂದ ಪಾಲು ಪಡೆದ ಮಗಳು ಇವರು ಮೂರು ಬೇರೆ ಬೇರೆ ಕಥೆಗಳ ಮನುಷ್ಯರು. ಅಣ್ಣತಮ್ಮಂದಿರ ಜೊತೆಗೆ ಮಗಳೂ ಪಾಲುದಾರಳಾಗಿರುವ ದಾಖಲೆಯೇ ನೀವು ಹುಡುಕುತ್ತಿರುವ ಬದಲಾವಣೆಯ ಗುರುತು.

ಕಾಗದ ಹೇಳದಿರುವುದನ್ನು ಮಾತಿನಿಂದ ತಿಳಿಯಬೇಕು, ಮತ್ತು ಈ ಅಧ್ಯಯನದ ಜೀವವಿರುವುದು ಅಲ್ಲಿಯೇ. ಅಣ್ಣನ ಎದುರಿಗೆ ತಂಗಿಯನ್ನು ಪಾಲಿನ ಬಗ್ಗೆ ಕೇಳಿದರೆ, ‘ನಾನೇ ಬೇಡ ಅಂದೆ’ ಎಂಬ ಉತ್ತರವಲ್ಲದೆ ಬೇರೇನೂ ಬರುವುದಿಲ್ಲ. ಆಕೆಯನ್ನು ಗಂಡನ ಮನೆಯಲ್ಲಿ, ಸಾಧ್ಯವಾದರೆ ಹೆಂಗಸರೇ ಭೇಟಿಯಾಗಿ, ಬಿಡುವಿನಲ್ಲಿ ಮಾತನಾಡಿಸಬೇಕು. ನೋಂದಣಿಯ ದಿನ ಕರೆದುಕೊಂಡು ಹೋದವರು ಯಾರು, ಕಾಗದವನ್ನು ಓದಿ ಹೇಳಿದರೇ, ಪ್ರತಿಯಾಗಿ ಹಣವೋ ಒಡವೆಯೋ ನಿವೇಶನವೋ ಸಿಕ್ಕಿತೇ ಎಂದು ಒಂದೊಂದಾಗಿ ಕೇಳಿ. ಗೌರಿಹಬ್ಬಕ್ಕೆ ತವರಿನಿಂದ ಬಾಗಿನ ಬರುತ್ತದೆಯೇ, ಮಕ್ಕಳ ಶುಭಕಾರ್ಯಗಳಿಗೆ ಸೋದರಮಾವ ಬಂದು ನಿಲ್ಲುತ್ತಾನೆಯೇ ಎಂಬುದನ್ನೂ ಕೇಳಿ. ಅನೇಕ ಹೆಂಗಸರು ಸಹಿ ಹಾಕುವುದು ಕಾನೂನು ಗೊತ್ತಿಲ್ಲದೆ ಅಲ್ಲ. ಗಂಡನ ಮನೆಯಲ್ಲಿ ಕಷ್ಟ ಬಂದರೆ ಹೋಗಿ ನಿಲ್ಲಲು ಇರುವ ತವರಿನ ಬಾಗಿಲು ಮುಚ್ಚಿಹೋದೀತೆಂಬ ಭಯದಿಂದ. ಆದ್ದರಿಂದ ಬಿಡುಗಡೆ ಪತ್ರ ಸಿಕ್ಕ ಕೂಡಲೇ ಇಲ್ಲಿ ಏನೂ ಬದಲಾಗಿಲ್ಲವೆಂದು ತೀರ್ಮಾನಿಸುವುದು ಅವಸರದ ಮಾತಾಗುತ್ತದೆ. ಹಿಂದೆ ಕೇಳುವ ಗೋಜಿಗೇ ಹೋಗದೆ ಖಾತೆ ಮಾಡಿಸಿಕೊಳ್ಳುತ್ತಿದ್ದ ಅಣ್ಣತಮ್ಮಂದಿರು ಈಗ ಆಕೆಯ ಸಹಿಗಾಗಿ ಮನೆಬಾಗಿಲಿಗೆ ಬರಬೇಕಾಗಿದೆ ಎಂಬುದೇ ಕುಟುಂಬದೊಳಗಿನ ಅಧಿಕಾರದಲ್ಲಿ ಆಗಿರುವ ನಿಜವಾದ ಪಲ್ಲಟವೆಂದು ನಾನು ಭಾವಿಸುತ್ತೇನೆ. ‘ಮದುವೆಗೆ ಖರ್ಚು ಮಾಡಿದ್ದೇ ಅವಳ ಪಾಲು’ ಎಂಬ ವಾದವನ್ನೂ ಹೇಳಿದವರ ಮಾತಿನಲ್ಲಿಯೇ ದಾಖಲಿಸಿ. ಹೊಸ ಹಕ್ಕನ್ನು ಹಳೆಯ ಸಂಸ್ಥೆ ತನಗೆ ಬೇಕಾದಂತೆ ಹೇಗೆ ಅರಗಿಸಿಕೊಳ್ಳುತ್ತದೆಂಬುದು ಅದರಿಂದ ತಿಳಿಯುತ್ತದೆ.

ಬರೆಯುವಾಗ ಕುಟುಂಬಗಳನ್ನು ವಿಭಾಗವಾದ ಕಾಲಕ್ಕೆ ಅನುಸಾರವಾಗಿ, 1994ಕ್ಕೆ ಮೊದಲು, 1994ರಿಂದ 2005ರವರೆಗೆ, ಆಮೇಲೆ ಎಂದು ವಿಂಗಡಿಸಿ, ಒಂದೊಂದು ಗುಂಪಿನಿಂದ ಒಂದು ಮನೆಯ ಕಥೆಯನ್ನು ವಿಸ್ತಾರವಾಗಿ ಹೇಳಿ. ಇಷ್ಟು ಕಡಿಮೆ ಮನೆಗಳಿಂದ ಶೇಕಡಾವಾರು ಲೆಕ್ಕ ಹಾಕುವುದರಲ್ಲಿ ಅರ್ಥವಿಲ್ಲ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು 1948ರಲ್ಲಿ ಅಧ್ಯಯನ ಮಾಡಿದ ಮೈಸೂರು ಸೀಮೆಯ ಕೊಡಗಹಳ್ಳಿಯನ್ನು ರಾಂಪುರ ಎಂದು ಕರೆದಂತೆ, ನೀವೂ ಊರಿನ, ಮನೆತನದ ಹೆಸರುಗಳನ್ನು ಬದಲಿಸಿ, ಸರ್ವೆ ನಂಬರುಗಳನ್ನು ಪೂರ್ತಿಯಾಗಿ ಕೈಬಿಡಿ. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಹತ್ತಿದ ಬೆಂಕಿಗೆ ಅವರು ಸಿದ್ಧಪಡಿಸಿಟ್ಟಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಆಹುತಿಯಾದವು. ನಿಮ್ಮ ಟಿಪ್ಪಣಿಗಳ ಪ್ರತಿಯನ್ನು ಬೇರೊಂದು ಊರಿನಲ್ಲಿ ಇಟ್ಟುಕೊಳ್ಳಿ.

ಮಾತಿನ ನಡುವೆ ಯಾವ ಹೆಣ್ಣುಮಗಳಾದರೂ ತನಗೆ ಈಗಲೂ ಹಕ್ಕಿದೆಯೇ ಎಂದು ಕೇಳಿದರೆ ನೀವೇ ತೀರ್ಪು ಕೊಡಲು ಹೋಗಬೇಡಿ. 2005ರ ತಿದ್ದುಪಡಿಯೇ ಗಡಿಯಾಗಿ ಇಟ್ಟ 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ವಿಭಾಗವಾಗಿದ್ದರೆ ಉತ್ತರ ಒಂದು, ಆಗಿರದಿದ್ದರೆ ಇನ್ನೊಂದು. ಆ ಕಾಗದಗಳನ್ನು ನೋಡಿ ಹೇಳಬೇಕಾದವರು ವಕೀಲರು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ, ಆದಾಯ ಎಷ್ಟೇ ಇರಲಿ, ಮಹಿಳೆಯರು ಉಚಿತ ಕಾನೂನು ನೆರವಿಗೆ ಅರ್ಹರು. ನಿಮ್ಮ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯ ಬಗ್ಗೆ ಮೊದಲೇ ವಿಚಾರಿಸಿಟ್ಟುಕೊಂಡು, ಕೇಳಿದವರಿಗೆ ಅಲ್ಲಿಗೆ ಹೋಗುವ ದಾರಿಯನ್ನು ತಿಳಿಸಿ.